ಸುತ್ತುದಾರಿಯ ಹನ್ನೊಂದು ದಿನ

ನಾನು ಸೈಕಲ್ ಕಲಿತದ್ದು ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ಸೀರೆ ಉಟ್ಟುಕೊಂಡು, ನನ್ನ ಮಾವನಿಂದ. ಈ ಮೂರರಲ್ಲಿ ಯಾವುದನ್ನು ಹೇಳಿದರೂ ಆಗಿನ ಹುಣಸೂರಿನಲ್ಲಿ ಜನ ಹುಬ್ಬೇರಿಸಿ ಇನ್ನೊಂದು ಸಲ ಕೇಳುತ್ತಿದ್ದರು.

ತೊಂಬತ್ತರ ದಶಕದ ನಡುವಿನ ವರ್ಷಗಳು. ನಾನು ಊರಿನ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ನಮ್ಮ ಬಾಡಿಗೆ ಮನೆ ಇದ್ದದ್ದು ಲಕ್ಷ್ಮಣತೀರ್ಥ ಹೊಳೆಯ ಆಚೆ, ಆಸ್ಪತ್ರೆ ಈಚೆ. ನನ್ನ ಯಜಮಾನರು ಕೆ.ಆರ್. ನಗರದ ಹತ್ತಿರದ ಒಂದು ಹಳ್ಳಿಶಾಲೆಯಲ್ಲಿ ಮೇಷ್ಟ್ರು. ಸೋಮವಾರ ಬೆಳಿಗ್ಗೆ ಹೋದರೆ ಶನಿವಾರ ಸಂಜೆ ಬರುವವರು. ವಾರವೆಲ್ಲ ಮನೆಯಲ್ಲಿ ನಾನು ಮತ್ತು ಮಾವ ಇಬ್ಬರೇ. ಮಾವ ಪಿರಿಯಾಪಟ್ಟಣದ ಕಡೆಯ ಹಳ್ಳಿಗಳಲ್ಲಿ ಮೂವತ್ತು ವರ್ಷ ಸೈಕಲ್ ಮೇಲೆ ಟಪಾಲು ಹಂಚಿ ನಿವೃತ್ತರಾದವರು. ಅವರ ಕರಿಯ ಸೈಕಲ್ಲು ಹಜಾರದಲ್ಲೇ ಗೋಡೆಗೊರಗಿ ನಿಂತಿರುತ್ತಿತ್ತು. ದಿನವೂ ಬೆಳಿಗ್ಗೆ ಅದನ್ನು ಒರೆಸಿದ ಮೇಲೆಯೇ ಅವರು ಕಾಫಿ ಕುಡಿಯುತ್ತಿದ್ದದ್ದು.

ಬೆಳಗಿನ ಪಾಳಿ ಎಂಟಕ್ಕೆ. ಪಿರಿಯಾಪಟ್ಟಣದ ಕಡೆಯಿಂದ ಬರುವ ಬಸ್ಸು ನಮ್ಮ ಸ್ಟಾಪಿಗೆ ಬರುವ ಹೊತ್ತಿಗೆ ಬಾಗಿಲಲ್ಲೇ ನಾಲ್ಕು ಜನ ಜೋತುಬಿದ್ದಿರುತ್ತಿದ್ದರು. ಡ್ರೈವರು ಒಳಗಿನಿಂದಲೇ ಕೈ ಅಲ್ಲಾಡಿಸಿ ಹೋಗಿಬಿಡುತ್ತಿದ್ದ. ನಡೆದರೆ ಮುಕ್ಕಾಲು ಗಂಟೆ. ದಾರಿಯಲ್ಲಿ ಬಿಳಿ ಸೀರೆ ಕಂಡ ಜನ ಸುಮ್ಮನೆ ಬಿಡುತ್ತಿರಲಿಲ್ಲ. "ಸಿಸ್ಟರೇ, ಈ ಗುಳಿಗೆ ಊಟಕ್ಕೆ ಮುಂಚೇನಾ, ಆಮೇಲಾ?" "ಅಮ್ಮೋರೇ, ಮಗೀಗೆ ಮೂರ್ ದಿವ್ಸದಿಂದ ಜರ." ನಿಂತರೆ ತಡ, ನಿಲ್ಲದಿದ್ದರೆ ಸೊಕ್ಕು. ಒಂದು ದಿನ ನಾನು ತಡವಾಗಿ ಹೋಗಿ ಬೈಸಿಕೊಂಡು ಬಂದು ಮುಖ ಊದಿಸಿ ಕುಳಿತಿದ್ದಾಗ ಮಾವ ಅಂದರು, "ಸೈಕಲ್ ಕಲ್ತ್ಕೊ ಮಗಾ. ಕಾಲ್ ಗಂಟೆ ದಾರಿ, ಅಷ್ಟೇಯ."

ಶನಿವಾರ ಬಂದ ಯಜಮಾನರು ಇದನ್ನು ಕೇಳಿ, "ಜನ ಏನಂದಾರು ಅಪ್ಪ?" ಎಂದರು.

"ಜನ ನನ್ನೂ ಅಂದವ್ರೆ ಕಣ್ಲಾ, ಮೂವತ್ತು ವರ್ಸ. ಕಾಗ್ದ ತಂದ ದಿವ್ಸ ಒಳ್ಳೆಯವ್ನು, ತರದಿದ್ದ ದಿವ್ಸ ಕೆಟ್ಟವ್ನು. ಜನದ ಮಾತಿಗೆ ಅಷ್ಟೇಯ ಬೆಲೆ," ಎಂದು ಮಾವ ಎದ್ದು ಹೋದರು. ಮುಂದಿನ ವಾರ ಒಂದು ಹಳೆಯ ಲೇಡೀಸ್ ಸೈಕಲ್ಲು ಮನೆಗೆ ಬಂತು. ಸೀರೆ ಸಿಕ್ಕಿಕೊಳ್ಳದ ಹಾಗೆ ಹಿಂದಿನ ಚಕ್ರಕ್ಕೆ ಜಾಲರಿ, ಚೈನಿಗೆ ಕವರು, ಎಲ್ಲವನ್ನೂ ಮಾವ ತಾವೇ ನಿಂತು ಹಾಕಿಸಿದ್ದರು.

ಭಾನುವಾರ ಸಂಜೆ ಶಾಲೆಯ ಮೈದಾನದಲ್ಲಿ ಪಾಠ. ಮಾವ ಹಿಂದಿನಿಂದ ಕ್ಯಾರಿಯರ್ ಹಿಡಿದು ಓಡುತ್ತಿದ್ದರು, ನಾನು ಮುಂದೆ ಹೆದರಿ ಕಿರುಚುತ್ತಿದ್ದೆ. ಮಾವನ ಮುಂದೆ ಗಟ್ಟಿಯಾಗಿ ಮಾತನಾಡದ ಸೊಸೆ ನಾನು. ಅಂಥವಳು ಮೈದಾನದಲ್ಲಿ "ಬಿಡಬೇಡಿ ಮಾವ, ಬಿಡಬೇಡಿ" ಎಂದು ಊರಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದೆ. ಮೂರನೆಯ ಭಾನುವಾರಕ್ಕೆ ಸೈಕಲ್ಲು ನನ್ನ ಮಾತು ಕೇಳತೊಡಗಿತು.

"ಸೈಕಲ್ ಬಂತು ಅಂತ ಬೀದೀಗೆ ಓಗ್ಬ್ಯಾಡ. ಬೀದಿ ಬ್ಯಾರೇನೇ ಪಾಠ," ಎಂದರು ಮಾವ. ಆಮೇಲೆ ಒಂದು ವಾರ ಸಂಜೆಹೊತ್ತು ಅವರು ಮುಂದೆ, ನಾನು ಹಿಂದೆ, ಊರೆಲ್ಲ ಸುತ್ತಿದೆವು. ಪಕ್ಕಪಕ್ಕದಲ್ಲಿ ಹೋಗಬಾರದು, ಹಿಂದೆ ಬರುವವರಿಗೆ ದಾರಿ ಕಟ್ಟಿದ ಹಾಗೆ. ಹೆಣ ಎದುರಾದರೆ ಇಳಿದು ಪಕ್ಕಕ್ಕೆ ನಿಲ್ಲಬೇಕು, ಯಾರ ಮನೆಯ ಸಾವಾದರೂ ಸರಿ. ಸಂತೆಯ ದಿನ ಸಂತೆಬೀದಿಯಲ್ಲಿ ಹತ್ತಲೇಬಾರದು, ತಳ್ಳಿಕೊಂಡೇ ಹೋಗಬೇಕು. ಏರಿನಲ್ಲಿ ಯಾರಾದರೂ ಮೂಟೆ ಹೇರಿದ ಸೈಕಲ್ ತಳ್ಳುತ್ತಿದ್ದರೆ ದಾಟಿಕೊಂಡು ಹೋಗುವ ಮುಂಚೆ ಒಂದು ಕೈ ಕೊಡಬೇಕು. ಪರಿಚಯದ ಹಿರಿಯರು ಕಂಡರೆ ಇಳಿಯಬೇಕು ಎನ್ನುವುದನ್ನೂ ಹೇಳಿಕೊಟ್ಟಿದ್ದರು. ಆದರೆ ಮನೆಯಿಂದ ಸೇತುವೆ ಮುಟ್ಟುವುದರೊಳಗೆ ನಾನು ಆರು ಸಲ ಇಳಿದು ಆರು ಸಲ ಹತ್ತಿದ್ದನ್ನು ನೋಡಿ ಅವರೇ ಕಾನೂನು ಬದಲಾಯಿಸಿದರು: "ಇಳೀಬ್ಯಾಡ ಬುಡು, ನಿಧಾನ ಮಾಡಿ ತಲೆ ಬಗ್ಸು, ಸಾಕು."

ಅವರು ಮತ್ತೆ ಮತ್ತೆ ಹೇಳಿದ್ದು ಬೆಲ್ಲಿನ ವಿಷಯ. ವಯಸ್ಸಾದವರ ಬೆನ್ನ ಹಿಂದೆಯೇ ಹೋಗಿ ಬೆಲ್ ಹೊಡೆಯಬಾರದು. ಅವರು ಬೆಚ್ಚಿ ಯಾವ ಕಡೆಗೆ ಹಾರುತ್ತಾರೋ ಅವರಿಗೇ ಗೊತ್ತಿರುವುದಿಲ್ಲ. ದೂರದಲ್ಲೇ ಒಂದು ಸಲ ಹೊಡೆದು, ಹತ್ತಿರ ಬಂದಾಗ ಬಾಯಲ್ಲೇ "ಒಸಿ ದಾರಿ" ಅನ್ನಬೇಕು.

ಮೊದಲ ತಿಂಗಳು ಟೀ ಅಂಗಡಿಯ ಬೆಂಚಿನ ಮೇಲೆ ಕುಳಿತವರೆಲ್ಲ ನಾನು ಹೋಗುವಾಗ ಮಾತು ನಿಲ್ಲಿಸುತ್ತಿದ್ದರು. ಬಿಳಿ ಸೀರೆಯ ನರ್ಸು ಸೈಕಲ್ ಮೇಲೆ ಹೋಗುವುದು ಅವರಿಗೆ ಬಿಟ್ಟಿ ಆಟ. ನಾನು ಕಣ್ಣು ಕೆಳಗೆ ಹಾಕಿ, ಕಿವಿ ಬಿಸಿಯಾಗಿ, ಜೋರಾಗಿ ತುಳಿಯುತ್ತಿದ್ದೆ. ಎರಡನೆಯ ತಿಂಗಳು ಒಂದು ದಿನ ಅದೇ ಬೆಂಚಿನಿಂದ, "ಅಮ್ಮೋರೇ, ಸೆರಗು!" ಎಂದು ಯಾರೋ ಕೂಗಿದರು. ನೋಡಿದರೆ ಸೆರಗಿನ ತುದಿ ಚಕ್ರದ ಹತ್ತಿರ ಹಾರಾಡುತ್ತಿತ್ತು. ಇಳಿದು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಅಂದಿನಿಂದ ಆ ಬೆಂಚು ನನ್ನ ಕಾವಲಿಗೆ ನಿಂತಿತು. "ಹಿಂದಿನ ಚಕ್ರದಲ್ಲಿ ಗಾಳಿ ಕಮ್ಮಿ ಅದೆ", "ಮುಂದೆ ಟ್ಯಾಕ್ಟರು ನಿಂತದೆ, ಎಡಕ್ಕೋಗಿ" ಎಂದು ಅವರೇ ಹೇಳುತ್ತಿದ್ದರು. ನಾನೂ ತಲೆ ಎತ್ತಿ ಹೋಗುವುದನ್ನು ಕಲಿತೆ.

ಹೀಗೆ ಒಂದು ವರ್ಷ ಕಳೆಯಿತು. ದಸರಾ ಮುಗಿದು ಹೊಗೆಸೊಪ್ಪಿನ ಹರಾಜು ಶುರುವಾದ ದಿನಗಳು. ಸೊಪ್ಪು ಒತ್ತಿ ಕಟ್ಟಿದ ಬೇಲುಗಳನ್ನು ಹೇರಿದ ಟ್ರ್ಯಾಕ್ಟರುಗಳು, ಗಾಡಿಗಳು ಬೆಳಿಗ್ಗೆಯೇ ರಸ್ತೆ ತುಂಬಿರುತ್ತಿದ್ದವು. ಒಂದು ಮಂಗಳವಾರ ನಾನು ಹೊರಡುವಾಗಲೇ ಹತ್ತು ನಿಮಿಷ ತಡವಾಗಿತ್ತು. ಹಿಂದಿನ ದಿನವೂ ತಡವಾಗಿ ಹೋಗಿದ್ದೆ. ರಾತ್ರಿಪಾಳಿಯ ನರ್ಸು ಪಾಪ, ಎಳೆಮಗುವಿನ ತಾಯಿ, ನಾನು ಹೋಗದೆ ಅವಳು ಹೊರಡುವ ಹಾಗಿರಲಿಲ್ಲ. ಸೇತುವೆ ದಾಟಿ ಪೇಟೆಯ ಕಡೆಗೆ ತಿರುಗುವಲ್ಲಿ ಬಲಕ್ಕೆ ಟ್ರ್ಯಾಕ್ಟರುಗಳ ಸಾಲು. ಎಡ ಅಂಚಿನಲ್ಲಿ ಒಬ್ಬ ಮುದುಕ ತಲೆಯ ಮೇಲೆ ಬಾಳೆ ಎಲೆಯ ದೊಡ್ಡ ಕಟ್ಟು ಹೊತ್ತು ನಡೆದುಹೋಗುತ್ತಿದ್ದ. ಆತನನ್ನು ಮುಂಚೆಯೂ ಎಷ್ಟೋ ಸಲ ನೋಡಿದ್ದೆ. ಹೋಟೆಲುಗಳಿಗೆ ಎಲೆ ಹಾಕುವವನು.

ಮಾವ ಹೇಳಿದ್ದು ಯಾವುದೂ ಆ ಗಳಿಗೆಯಲ್ಲಿ ತಲೆಯಲ್ಲಿರಲಿಲ್ಲ. ಬೆನ್ನ ಹಿಂದೆಯೇ ಹೋಗಿ ಎರಡು ಸಲ ಬೆಲ್ ಹೊಡೆದೆ. ಆತ ತಿರುಗಲಿಲ್ಲ. ಮೂರನೆಯ ಸಲ ಸಿಟ್ಟಿನಿಂದ ಬಿಡದೆ ಹೊಡೆದೆ. ಆತ ಬೆಚ್ಚಿದ. ಕಟ್ಟಿನೊಂದಿಗೆ ಸೀದಾ ನನ್ನ ಮುಂದಕ್ಕೇ ಸರಿದ. ಬ್ರೇಕ್ ಹಿಡಿದೆನೋ ಇಲ್ಲವೋ ನೆನಪಿಲ್ಲ. ಹ್ಯಾಂಡಲ್ಲು ಆತನ ಸೊಂಟಕ್ಕೆ ಬಡಿದದ್ದು ಮಾತ್ರ ಈಗಲೂ ಅಂಗೈಗೆ ನೆನಪಿದೆ. ಆತ ಒಂದು ಕಡೆ ಬಿದ್ದ, ನಾನು ಇನ್ನೊಂದು ಕಡೆ. ಎಲೆಗಳು ರಸ್ತೆಯಲ್ಲೆಲ್ಲ ಹರಡಿದವು.

ಜನ ಓಡಿಬಂದರು. ಯಾರೋ ನನ್ನನ್ನು ಎತ್ತಿದರು. ಮೊಣಕೈ ತರಚಿ ರಕ್ತ ಬಂದು ಸೀರೆಯ ಮೇಲೆ ಇಳಿದಿತ್ತು. ಬಿಳಿಯ ಮೇಲೆ ಹನಿ ರಕ್ತವೂ ಬೊಗಸೆಯಷ್ಟು ಕಾಣುತ್ತದೆ. ಅದನ್ನು ನೋಡಿದ ಒಬ್ಬ ಗಂಡಸು ಮುದುಕನ ಮೇಲೆ ಹರಿಹಾಯ್ದ. "ಏನ್ ತಾತ, ಕಿವಿ ಕೇಳಕಿಲ್ವಾ? ಆಸ್ಪತ್ರೆ ಅಮ್ಮೋರ್ನ ಬೀಳುಸ್ಬುಟ್ಯಲ್ಲಾ! ನೋಡು, ಎಷ್ಟು ರಕ್ತ!"

ಮುದುಕ ಎದ್ದು ನಿಂತು ನನಗೆ ಕೈ ಮುಗಿದ. "ತಪ್ಪಾಯ್ತು ಕಣವ್ವ. ಗ್ಯಾನ ಇರ್ನಿಲ್ಲ."

ತಪ್ಪು ನನ್ನದು ಎಂದು ನಾನು ಹೇಳಬೇಕಿತ್ತು. ಬಾಯಿಗೆ ಬಂದದ್ದು, "ಪೆಟ್ಟಾಯ್ತಾ ತಾತ?" ಎಂಬ ಒಂದೇ ಮಾತು.

"ಏನಿಲ್ಲ, ಓಗವ್ವ. ಒತ್ತಾಯ್ತದೆ ನಿಂಗೆ," ಎಂದು ಆತ ಕೈಗೆ ಸಿಕ್ಕಷ್ಟು ಎಲೆ ಆಯ್ದುಕೊಂಡು, ಒಂದು ಕೈಯನ್ನು ಸೊಂಟದ ಮೇಲಿಟ್ಟುಕೊಂಡು ನಡೆದ. ಬಲಗಾಲನ್ನು ಎಳೆದ ಹಾಗೆ ಕಂಡಿತು. ನಾಲ್ಕು ಹೆಜ್ಜೆ ನೋಡಿದೆ. ಆಮೇಲೆ ಕೈಗಡಿಯಾರ ನೋಡಿಕೊಂಡೆ, ಗಾಜು ಒಡೆದಿತ್ತು. ಸೈಕಲ್ ಹತ್ತಿ ಹೊರಟುಬಿಟ್ಟೆ.

ಅವತ್ತು ಮನೆಯಲ್ಲಿ ಮಾವನಿಗೆ, "ಜಲ್ಲಿಯ ಮೇಲೆ ಜಾರಿದೆ" ಎಂದು ಸುಳ್ಳು ಹೇಳಿದೆ. ಅವರು ಬೆಂಡಾಗಿದ್ದ ಚಕ್ರವನ್ನು ತಿರುಗಿಸಿ ನೋಡಿ, ಏನೂ ಕೇಳದೆ ಅಂಗಡಿಗೆ ತೆಗೆದುಕೊಂಡು ಹೋಗಿ ಸರಿಮಾಡಿಸಿ ತಂದರು. ಬುಧವಾರ ನನಗೆ ವಾರದ ರಜೆ. ಮನೆಯಲ್ಲಿ ಕುಳಿತಷ್ಟೂ ಆ ಎಳೆದ ಕಾಲು ಕಣ್ಣ ಮುಂದೆ ಬರುತ್ತಿತ್ತು. ಎಪ್ಪತ್ತು ದಾಟಿದವರು ಸೊಂಟಕ್ಕೆ ಪೆಟ್ಟು ಮಾಡಿಕೊಂಡರೆ ಏನಾಗುತ್ತದೆ ಎಂಬುದನ್ನು ನಾನು ವಾರ್ಡಿನಲ್ಲಿ ನೋಡಿದ್ದೆ. ಕೆಲವರು ಬಿದ್ದ ಕೂಡಲೇ ಎದ್ದು ನಡೆದೇ ಬಂದಿರುತ್ತಾರೆ, ಮಾರನೆಯ ದಿನ ಮಂಚ ಹಿಡಿಯುತ್ತಾರೆ. ಇದನ್ನೆಲ್ಲ ತಿಳಿದವಳು ನಾನು. ಆತನನ್ನು ಪಕ್ಕದ ಜಗಲಿಯ ಮೇಲೆ ಎರಡು ನಿಮಿಷ ಕೂರಿಸಿ, ಕಾಲು ಮಡಿಸಿ ನೋಡಲಿಲ್ಲ.

ಗುರುವಾರ ಬೆಳಿಗ್ಗೆ ಸೇತುವೆ ದಾಟಿದೆ. ಪೇಟೆಯ ಕಡೆ ಹೋಗದೆ ಹೊಳೆಯ ದಂಡೆಯ ಮಣ್ಣುದಾರಿಗೆ ತಿರುಗಿಸಿದೆ. ಹೊಗೆಸೊಪ್ಪಿನ ಗೋದಾಮುಗಳ ಹಿಂಭಾಗದಿಂದ ಸುತ್ತಿ ಆಸ್ಪತ್ರೆ ಸೇರಿದೆ. ಅಲ್ಲಿ ಗುರುತಿನವರು ಯಾರೂ ಇರಲಿಲ್ಲ, ಬೆಂಚಿನ ಮೇಲೆ ಕುಳಿತು ಸೆರಗು ಹುಷಾರು ಎನ್ನುವವರೂ ಇರಲಿಲ್ಲ.

ಅವತ್ತೇ ವಾರ್ಡಿನ ಆಯಾ ಹಾಸಿಗೆ ಬಟ್ಟೆ ಮಡಿಸುತ್ತ ಹೇಳಿದಳು, "ನೆನ್ನೆ ನೀವಿರ್ನಿಲ್ಲ ಸಿಸ್ಟರೇ. ಒಬ್ಬ ತಾತನ್ನ ಕರ್ಕೊಂಡ್ ಬಂದಿದ್ರು, ಸೊಂಟದ್ ಮೂಳೆ ಮುರ್ದೋಗಿತ್ತು. ಬಿದ್ದಿದ್ರಂತೆ. ನೋಡಕ್ಕಾಗ್ತಿರ್ನಿಲ್ಲ, ಮೈಸೂರಿಗೆ ಕಳ್ಸುದ್ರು."

ಎಲ್ಲಿ ಬಿದ್ದರು, ಯಾವ ಊರು, ಏನು ಎತ್ತ ಎಂದು ನಾನು ಕೇಳಲಿಲ್ಲ. ದಾಖಲಾತಿಯ ಪುಸ್ತಕ ಹತ್ತು ಹೆಜ್ಜೆ ದೂರದ ಮೇಜಿನ ಮೇಲಿತ್ತು. ದಿನಕ್ಕೆ ಇಪ್ಪತ್ತು ಸಲ ಅದನ್ನು ತೆರೆಯುವವಳು ನಾನು. ಆದರೆ ಬುಧವಾರದ ಹಾಳೆ ತೆರೆಯಲಾರದೆ ಹೋದೆ. ನೋಡಿದರೆ ಗೊತ್ತಾಗಿಬಿಡುತ್ತದೆ, ನೋಡದಿದ್ದರೆ ಇನ್ನೂ ಇಲ್ಲವೆನ್ನಬಹುದು. ಆ ಹಾಳೆಯಿರುವ ಜಾಗವನ್ನು ಬೆರಳಿನಿಂದ ಒತ್ತಿಹಿಡಿದು ದಾಟಿಸಿ ಹೊಸ ಹಾಳೆಯಲ್ಲಿ ಬರೆಯುತ್ತಿದ್ದೆ.

ಮುಂದಿನ ವಾರ ಧೈರ್ಯ ಮಾಡಿ, ಸೈಕಲ್ಲನ್ನು ಆಸ್ಪತ್ರೆಯಲ್ಲೇ ಬಿಟ್ಟು, ಮಧ್ಯಾಹ್ನ ನಡೆದುಕೊಂಡು ಪೇಟೆಯ ಹೋಟೆಲಿಗೆ ಹೋದೆ. ಎಲೆ ತರುವ ತಾತ ಬರುತ್ತಾರಾ ಎಂದು ಗಲ್ಲಾದಲ್ಲಿದ್ದವರನ್ನು ಕೇಳಿದೆ.

"ಆತ ಒಂದು ವಾರದಿಂದ ಬತ್ತಿಲ್ಲ ಕಣ್ರಮ್ಮ. ಮಗಳು ತಂದಾಕ್ತಾಳೆ," ಎಂದರು ಅವರು. "ಉಸಾರಿಲ್ವೇನೋ. ಆವಮ್ಮನೂ ಬಾಯ್ಬುಡಾಕಿಲ್ಲ."

ನನಗೆ ಇನ್ನು ಅನುಮಾನವೇ ಉಳಿಯಲಿಲ್ಲ. ಮೈಸೂರಿನ ಆಸ್ಪತ್ರೆಯ ಯಾವುದೋ ಮಂಚದ ಮೇಲೆ, ಕಾಲಿಗೆ ಭಾರ ಕಟ್ಟಿಸಿಕೊಂಡು ಆತ ಮಲಗಿರುವುದು ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು. ಆ ದಿನಗಳಲ್ಲಿ ವಾರ್ಡಿನಲ್ಲಿ ವಯಸ್ಸಾದ ರೋಗಿಗಳು, "ನಿನ್ನ ಕೈ ತಣ್ಣಗಿರ್ಲಿ ಕಣವ್ವ" ಎಂದು ಹರಸಿದರೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದೆ. ದಿನವೂ ಕಾಲು ಗಂಟೆ ಮುಂಚೆಯೇ ಹೊರಟು ಮಣ್ಣುದಾರಿಯಲ್ಲಿ ಸುತ್ತಿ ಹೋಗುವುದು, ಅದೇ ದಾರಿಯಲ್ಲಿ ಬರುವುದು.

ಹತ್ತನೆಯ ದಿನ, ಗುರುವಾರ ಸಂಜೆ, ಮಾವ ಅಂಗಳದಲ್ಲಿ ನನ್ನ ಸೈಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದರು. ಕಡ್ಡಿಯಿಂದ ಟೈರಿನ ಸಂದಿಯ ಕೆಮ್ಮಣ್ಣು ಕೆರೆದು ಬೆರಳಲ್ಲಿ ಉಜ್ಜಿ ನೋಡುತ್ತಿದ್ದರು.

"ಪೇಟೆ ದಾರೀಲಿ ಈ ಮಣ್ಣು ಇಲ್ಲ," ಎಂದರು. "ಇದು ಗೋದಾಮಿನ್ ಇಂದ್ಗಡೆ ಮಣ್ಣು. ಕಾಲ್ ಗಂಟೆ ಮುಂಚೆ ಬ್ಯಾರೆ ಒರಡ್ತಾ ಇದ್ದೀಯೆ. ಯಾರಾದ್ರೂ ಬೀದೀಲಿ ತೊಂದ್ರೆ ಕೊಡ್ತಾವ್ರಾ ಮಗಾ? ಯಾರು ಅಂತ ಏಳು, ನಾನೋಗಿ ಮಾತಾಡ್ತೀನಿ."

ಅವರು ಹಾಗೆ ಕೇಳಿದ್ದೇ ತಡ, ನಾನು ಮೆಟ್ಟಿಲ ಮೇಲೆ ಕುಳಿತು ಅತ್ತುಬಿಟ್ಟೆ. ಯಾರೂ ತೊಂದರೆ ಕೊಡುತ್ತಿಲ್ಲ ಮಾವ, ತೊಂದರೆ ಕೊಟ್ಟವಳು ನಾನೇ ಎಂದು ಬೆಲ್ಲಿನಿಂದ ಹಿಡಿದು ಹೋಟೆಲಿನವರು ಹೇಳಿದ ಮಾತಿನವರೆಗೆ ಒಂದೂ ಬಿಡದೆ ಹೇಳಿದೆ. ಮಾವ ಬೈಯುತ್ತಾರೆಂದುಕೊಂಡಿದ್ದೆ. ಅವರು ಕೈಯ ಮಣ್ಣನ್ನು ಪಂಚೆಗೆ ಒರೆಸಿಕೊಂಡು ಕೇಳಿದರು:

"ಆಸ್ಪತ್ರೆ ಬುಕ್ಕು ನೋಡಿದ್ಯಾ?"

"ಇಲ್ಲ."

"ಯಾಕೆ?"

"ಭಯ ಮಾವ."

ಅವರು ಕುಕ್ಕರಗಾಲು ಬಿಟ್ಟು ನೆಲದ ಮೇಲೆಯೇ ಕುಳಿತರು. ಆಮೇಲೆ ತಮ್ಮ ಕಥೆ ಹೇಳಿದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರ ಸೈಕಲ್ಲಿಗೆ ಅಡ್ಡ ಬಂದ ಒಬ್ಬ ಹೆಂಗಸು ನೀರಿನ ಬಿಂದಿಗೆಯೊಂದಿಗೆ ಬಿದ್ದಿದ್ದಳಂತೆ. ಮಾವ ನಿಲ್ಲದೆ ಬಂದಿದ್ದರಂತೆ. ಮಾರನೆಯ ದಿನ ಆ ಊರಿಗೆ ಕಾಗದ ಇತ್ತು, ಹೋಗಲೇಬೇಕು. ಊರ ಹೊರಗಿನ ಹುಣಸೆಮರದ ಕೆಳಗೆ ಅರ್ಧ ದಿನ ಕುಳಿತಿದ್ದು ಒಳಗೆ ಹೋದರೆ, ಆ ಹೆಂಗಸು ನೀರು ಸೇದುತ್ತಿದ್ದವಳು ಇವರನ್ನು ನೋಡಿ, "ಬಿಂದ್ಗೆ ನೆಗ್ಗೋಯ್ತು, ತಟ್ಟಿಸ್ಕೊಡು" ಎಂದಳಂತೆ. "ತಟ್ಟಿಸ್ಕೊಟ್ಟೆ," ಎಂದರು ಮಾವ. "ಬಿದ್ದೋರ ಮನೆಗೆ ಓಗಿ ನಿಂತ್ಕೊಬೇಕು ಕಣವ್ವ. ಅವ್ರು ಬೈದ್ರೂ ನಿಂತ್ಕೊಬೇಕು. ನಾಳಿಕೆ ಬುಕ್ಕು ನೋಡ್ಕೊಂಡು ಬಾ. ಮೈಸೂರಾದ್ರೆ ಮೈಸೂರಿಗೇ ಓಗಣ, ಇಬ್ರೂವೆ."

ಶುಕ್ರವಾರ ಕೆಲಸಕ್ಕೆ ಹೋದವಳೇ ಪುಸ್ತಕ ತೆರೆದೆ. ಬುಧವಾರದ ಹಾಳೆ. ಸೊಂಟದ ಮೂಳೆ ಮುರಿದವರ ಹೆಸರಿನ ಎದುರು ಊರು: ಅಂತರಸಂತೆಯ ಹತ್ತಿರದ ಒಂದು ಹಳ್ಳಿ. ನೆಂಟರ ಮನೆಗೆ ಬಂದಿದ್ದವರು ಅಟ್ಟದ ಏಣಿಯಿಂದ ಬಿದ್ದಿದ್ದರು. ವಯಸ್ಸು ಐವತ್ತೆಂಟು. ಎಲೆಯ ತಾತನಿಗೆ ಅದಕ್ಕಿಂತ ಹದಿನೈದು ವರ್ಷವಾದರೂ ಹೆಚ್ಚು. ಆ ಸಾಲನ್ನು ಬೆರಳಿಟ್ಟು ಮೂರು ಸಲ ಓದಿದೆ. ಯಾರದೋ ಮೂಳೆ ಮುರಿದದ್ದಕ್ಕೆ ನೆಮ್ಮದಿಪಟ್ಟೆನಲ್ಲ ಎಂದು ನಾಚಿಕೆಯೂ ಆಯಿತು. ಆದರೆ ನೆಮ್ಮದಿ ಆದದ್ದು ನಿಜ. ಹತ್ತು ದಿನದಲ್ಲಿ ಮೊದಲ ಸಲ ಎದೆತುಂಬ ಉಸಿರಾಡಿದೆ.

ಆದರೂ ತಾತ ರಸ್ತೆಗೆ ಬಾರದಿರುವುದಕ್ಕೆ ಕಾರಣ ಬೇಕಲ್ಲ. ಹೋಟೆಲಿನವರನ್ನು ಮತ್ತೆ ಕೇಳಿ ತೋಟದ ಗುರುತು ತಿಳಿದುಕೊಂಡೆ. ಹೊಳೆಯ ಕೆಳಗಡೆ ಮೂರು ಮೈಲಿ. ಶನಿವಾರ ಪಾಳಿ ಮುಗಿಸಿ ಮನೆಗೆ ಬರುವಷ್ಟರಲ್ಲಿ ಮಾವ ತಯಾರಾಗಿ ನಿಂತಿದ್ದರು. ದೂರದ ಸವಾರಿ ಎಂದು ತಮ್ಮ ಹಳೆಯ ಖಾಕಿ ಅಂಗಿ ತೊಟ್ಟಿದ್ದರು. ಅವರು ಮುಂದೆ, ನಾನು ಹಿಂದೆ. ಕಬ್ಬಿನ ಗದ್ದೆಗಳ ನಡುವೆ ಕಾಲುವೆಯ ಏರಿಯ ಮೇಲೆ ಹೋಗುವಾಗ ಮಾವ ಒಂದೂ ಮಾತನಾಡಲಿಲ್ಲ. ಅಡ್ಡ ಬಂದ ಆಡುಗಳಿಗೆ ಮಾತ್ರ ಬಾಯಲ್ಲೇ "ಒಸಿ ದಾರಿ" ಅನ್ನುತ್ತಿದ್ದರು.

ಬಾಳೆತೋಟದ ಅಂಚಿನಲ್ಲಿ ಒಂದು ಹೆಂಚಿನ ಮನೆ. ನನಗಿಂತ ಸ್ವಲ್ಪ ದೊಡ್ಡವಳಾದ ಒಬ್ಬ ಹೆಂಗಸು ಕುಡುಗೋಲು ಹಿಡಿದು ಎಲೆ ಸವರಿ ಜೋಡಿಸುತ್ತಿದ್ದಳು. ನಮ್ಮನ್ನು ನೋಡಿದವಳೇ ಎದ್ದು ನಿಂತಳು. ಅವಳ ಕಣ್ಣು ಮಾವನ ಖಾಕಿ ಅಂಗಿಯಿಂದ ಕದಲಲಿಲ್ಲ.

"ಎಲೆ ಮಾರೋ ಯಜಮಾನ್ರ ಮನೆ ಇದೇನಾ ತಾಯಿ?" ಎಂದು ಮಾವ ಕೇಳಿದರು.

"ಅಪ್ಪ ಇಲ್ಲ ಸಾಮಿ," ಎಂದಳು ಅವಸರದಲ್ಲಿ. "ಕೋಟೆ ಕಡೀಕೆ ಓಗವ್ರೆ, ನೆಂಟ್ರ ಮನೆಗೆ. ಬರಾದು ಯಾವಾಗ್ಲೋ ಗೊತ್ತಿಲ್ಲ."

ಅವಳು ಮಾತು ಮುಗಿಸುವುದರೊಳಗೆ ಹಿಂದಿನ ಬಾಳೆಗುಂಪಿನಿಂದ ಒಂದು ಕೆಮ್ಮು ಕೇಳಿಸಿತು. ತಡೆಹಿಡಿದು ತಡೆಹಿಡಿದು ಕೊನೆಗೆ ಆಗದೆ ಬಂದ ಕೆಮ್ಮು. ಅವಳು ತಲೆ ತಗ್ಗಿಸಿದಳು. ಮಾವ ನನ್ನ ಕಡೆ ನೋಡಿದರು. ನಾನು ಸೈಕಲ್ಲಿನ ಸ್ಟ್ಯಾಂಡ್ ಹಾಕಿ ಒಂದು ಹೆಜ್ಜೆ ಮುಂದೆ ಬಂದು, "ತಾತ, ನಾನು. ಆಸ್ಪತ್ರೆಯವಳು. ಅವತ್ತು ಸೈಕಲ್ಲಲ್ಲಿ ಗುದ್ದಿದವಳು," ಎಂದು ಕೂಗಿದೆ.

ಒಣ ಎಲೆಗಳು ಸರಗುಟ್ಟಿದವು. ತಾತ ಬಾಳೆಯ ದಿಂಡನ್ನು ಹಿಡಿದುಕೊಂಡು ಇಣುಕಿದ. ನನ್ನ ಮುಖ ನೋಡಲಿಲ್ಲ, ಮೊದಲು ನನ್ನ ಕಾಲು ನೋಡಿದ, ಆಮೇಲೆ ಕೈ.

"ನಡೀತಿದ್ದೀಯೇನವ್ವ?" ಎಂದ.

"ನನಗೇನಾಗಿದೆ ತಾತ? ನೀವು ನಡೀತೀರಾ?"

"ನಂಗೇನಾಗದೆ?" ಎಂದು ಆತ ಬಾಳೆಗುಂಪಿನಿಂದ ಈಚೆ ಬಂದ. ನೇರವಾಗಿ, ದಾಪುಗಾಲು ಹಾಕುತ್ತ. ನಾನು ಆ ನಡಿಗೆಯನ್ನೇ ನೋಡುತ್ತ ನಿಂತೆ. ಕಾಲು ಎಳೆಯುತ್ತಿರಲಿಲ್ಲ.

ಮಾತು ಬಿಡಿಸಿಕೊಂಡಾಗ ಗೊತ್ತಾದದ್ದು ಇದು. ಬಿದ್ದ ದಿನ ಆತನಿಗೆ ಸೊಂಟ ಸ್ವಲ್ಪ ಹಿಡಿದುಕೊಂಡಿತ್ತು, ಮಗಳು ಬಿಸಿ ಎಣ್ಣೆ ತಿಕ್ಕಿ ಶಾಖ ಕೊಟ್ಟ ಮೇಲೆ ಹೋಯಿತು. ಆದರೆ ನನ್ನ ಸೀರೆಯ ಮೇಲಿನ ರಕ್ತವನ್ನು ಆತ ಕಣ್ಣಾರೆ ಕಂಡಿದ್ದ. ಬೈದವರ ಮಾತನ್ನೂ ಕೇಳಿದ್ದ. ಮಾರನೆಯ ದಿನವೇ ಆಸ್ಪತ್ರೆಗೆ ಬಂದು ಬಾಗಿಲಲ್ಲಿದ್ದವರನ್ನು ವಿಚಾರಿಸಿದ್ದ.

"ಸೈಕಲ್ ಸಿಸ್ಟ್ರು ರಜಾ ಅಂದ್ರು ಕಣವ್ವ. ನಂಗೆ ಎದೆ ಒಡ್ದೋಯ್ತು. ಬಲವಾಗಿ ಏಟು ಬಿದ್ದದೆ ಅದ್ಕೇ ರಜಾ ಅಂದ್ಕೊಂಡೆ."

"ಬುಧವಾರ ನನಗೆ ವಾರದ ರಜೆ ತಾತ!"

"ಅದು ನಂಗೇನ್ ಗೊತ್ತು? ಆಮೇಲೆ ಎರಡು ದಿವ್ಸ ಪೇಟೆ ದಾರೀಲಿ ಟೀ ಅಂಗ್ಡಿ ತಾವ ಕಾದೆ. ನೀನು ಬರ್ನೇ ಇಲ್ಲ. ದಿನಾ ಬರೋಳು ಬತ್ತಿಲ್ಲ ಅಂದ್ರೆ ಏನಾಗಿರ್ಬೇಕು? ಆಸ್ಪತ್ರೆಯೋರು ಕಂಪ್ಲೇಂಟ್ ಕೊಡ್ತಾರೆ, ಪೊಲೀಸ್ರು ಬತ್ತಾರೆ ಅಂತ ಯಾರೋ ಅಂದ್ರು. ಅದ್ಕೇ ಮಗಳ್ನ ಕಳುಸ್ದೆ."

"ನಾನೂ ಅದಕ್ಕೇ ಸುತ್ತಿಕೊಂಡು ಹೋಗುತ್ತಿದ್ದೆ," ಎಂದೆ. "ನಿಮಗೆ ಏನೋ ಆಗಿದೆ ಅಂತ."

ಆತನ ಮಗಳು ಮಾವನ ಅಂಗಿಯ ಕಡೆ ಕೈ ತೋರಿಸಿ, "ಅಂಗಾರೆ ಇವ್ರು ಪೊಲೀಸಲ್ವಾ?" ಎಂದಳು.

"ಪೋಸ್ಟ್‌ಮ್ಯಾನು ತಾಯಿ," ಎಂದು ಮಾವ ಅಂಗಿಯನ್ನು ಎಳೆದು ನೋಡಿಕೊಂಡರು. "ಅದೂ ಹಳೇ ಪೋಸ್ಟ್‌ಮ್ಯಾನು."

ಅವಳು ಕುಡುಗೋಲು ಕೆಳಗಿಟ್ಟು, ಬಾಯಿಗೆ ಸೆರಗು ಹಿಡಿದು ನಗತೊಡಗಿದಳು. ಮಾವ ನಕ್ಕರು. ತಾತ ನಗುತ್ತ ನಗುತ್ತ ಮತ್ತೆ ಕೆಮ್ಮಿದ. ನನಗೆ ಮಾತ್ರ ಅಳು ಬಂತು. ಆ ಅಳುವಿನಲ್ಲೇ ಹೇಳಬೇಕಾದದ್ದನ್ನು ಹೇಳಿದೆ: "ತಪ್ಪು ನಂದೇ ತಾತ. ಬೆನ್ನ ಹಿಂದೆ ಬಂದು ಬೆಲ್ ಹೊಡೆದೆ. ಅವತ್ತೇ ಎಲ್ಲರ ಮುಂದೆ ಹೇಳಬೇಕಿತ್ತು. ಹೇಳಲಿಲ್ಲ."

"ಬುಡವ್ವ ಅತ್ತಾಗೆ," ಎಂದ ತಾತ. "ನಂಗೆ ಬೆಲ್ಲು ಕೇಳುಸ್ತು ಕಣವ್ವ. ಮೊದ್ಲೇ ಕೇಳುಸ್ತು. ಯಾರೋ ಪಡ್ಡೆ ಐಕಳು ಇರ್ಬೇಕು, ಸುತ್ಕೊಂಡು ಓಗ್ಲಿ ಅಂತ ಮೊಂಡ ಬಿದ್ದು ನಡೀತಿದ್ದೆ."

ಅದು ನಿಜವೋ, ನನ್ನ ಭಾರ ಇಳಿಸಲು ಆತ ಹೇಳಿದ್ದೋ, ಇವತ್ತಿಗೂ ತಿಳಿಯದು. ಆದರೂ ಆತನನ್ನು ಜಗಲಿಯ ಮೇಲೆ ಮಲಗಿಸಿ, ಎರಡೂ ಕಾಲು ಮಡಿಸಿ, ತಿರುಗಿಸಿ, ಸೊಂಟವನ್ನು ಒತ್ತಿ ನೋಡಿದೆ. "ಇಲ್ಲಿ ನೋಯುತ್ತಾ? ಇಲ್ಲಿ?" ಆತ ಎಲ್ಲಕ್ಕೂ ಇಲ್ಲ ಎಂದ. ಎದ್ದು ಕುಳಿತವನೇ, "ಈಗ ನೀನು ತೋರ್ಸು" ಎಂದು ನನ್ನ ಮೊಣಕೈ ಹಿಡಿದು ಒಣಗಿದ ಹಕ್ಕಳೆಯನ್ನು ಬೆರಳಿನಿಂದ ಸವರಿ ನೋಡಿದ. ಆತನ ಬೆರಳುಗಳು ಬಾಳೆಯ ಕಲೆ ಹತ್ತಿ ಕಪ್ಪಾಗಿದ್ದವು. ಮಗಳು ಒಳಗಿನಿಂದ ಮಜ್ಜಿಗೆ ತಂದಳು. ಮಾವ ಮತ್ತು ತಾತ ಜಗಲಿಯ ಮೇಲೆ ಕುಳಿತು ಯಾವ ಹಳ್ಳಿಯ ದಾರಿಯಲ್ಲಿ ಯಾವ ವರ್ಷ ಯಾವ ಮರ ಬಿತ್ತು ಎಂದು ಶುರುಮಾಡಿದವರು ಬಿಸಿಲು ಇಳಿದರೂ ಏಳಲಿಲ್ಲ.

ಹೊರಡುವಾಗ ತಾತ ಎಲೆಯ ಒಂದು ಕಟ್ಟನ್ನು ನನ್ನ ಕ್ಯಾರಿಯರ್‌ಗೆ ಬಾಳೆನಾರಿನಿಂದ ಬಿಗಿದ. ಬೇಡವೆಂದರೂ ಕೇಳಲಿಲ್ಲ. ಸಂಜೆ ಊರಿಂದ ಬಂದ ಯಜಮಾನರು, "ಇವತ್ತೇನು ಹಬ್ಬ, ಎಲೆಯಲ್ಲಿ ಊಟ?" ಎಂದು ಕೇಳಿದರು. ಮಾವ ಅನ್ನ ಕಲಸುತ್ತ ಇಡೀ ಕಥೆಯನ್ನು ಅವರಿಗೆ ಹೇಳಿದರು. ಅವರು ಹೇಳಿದ ಕಥೆಯಲ್ಲಿ ನಾನು ಅತ್ತದ್ದು ಇರಲಿಲ್ಲ. ಸುಳ್ಳು ಹೇಳಿದ್ದೂ ಇರಲಿಲ್ಲ. ಖಾಕಿ ಅಂಗಿಯ ಭಾಗವನ್ನು ಮಾತ್ರ ಎರಡು ಸಲ ಹೇಳಿದರು. ನಾನು ಅವತ್ತು ಮೂರು ಸಲ ಅನ್ನ ಹಾಕಿಸಿಕೊಂಡೆ.

ಸೋಮವಾರ ಬೆಳಿಗ್ಗೆ ಸೇತುವೆ ದಾಟಿ ಪೇಟೆಯ ಕಡೆಗೇ ತಿರುಗಿದೆ. ಟೀ ಅಂಗಡಿಯ ಬೆಂಚಿನಿಂದ, "ಏನಮ್ಮೋರೇ, ಊರಲ್ಲಿರ್ನಿಲ್ವಾ?" ಎಂದು ಕೇಳಿದರು. ಸ್ವಲ್ಪ ಮುಂದೆ, ಎಡ ಅಂಚಿನಲ್ಲಿ, ತಲೆಯ ಮೇಲೆ ಹಸಿರು ಕಟ್ಟು ಹೊತ್ತು ತಾತ ಹೋಗುತ್ತಿದ್ದ. ದೂರದಲ್ಲೇ ಒಂದು ಸಲ ಬೆಲ್ ಹೊಡೆದು, ಇಳಿದು, ತಳ್ಳಿಕೊಂಡು ಹತ್ತಿರ ಹೋದೆ. ಆತ ತಿರುಗಿ ನೋಡಿ, ಚರಂಡಿಯ ಅಂಚಿನವರೆಗೂ ಸರಿದು ದಾರಿ ಬಿಟ್ಟ.

"ನೀನೋಗವ್ವ ಮೊದ್ಲು."

"ನೀವು ಹೋಗಿ ತಾತ, ನಾನು ಆಮೇಲೆ ಬರ್ತೀನಿ."

"ಒತ್ತಾಯ್ತದೆ ನಿಂಗೆ, ಓಗು."

"ಇವತ್ತು ಹೊತ್ತಿದೆ, ನೀವೇ ಹೋಗಿ."

ಇಬ್ಬರೂ ಕದಲಲಿಲ್ಲ. ನಮ್ಮ ಹಿಂದೆ ಹೊಗೆಸೊಪ್ಪಿನ ಬೇಲು ಹೇರಿದ ಎತ್ತಿನ ಗಾಡಿಯೊಂದು ಬಂದು ನಿಂತಿತ್ತು. ಗಾಡಿಯವನು ಸ್ವಲ್ಪ ಹೊತ್ತು ನೋಡಿ, ಹಗ್ಗ ಜಗ್ಗಿ ಎದ್ದು ನಿಂತು ಕೂಗಿದ, "ಯಾರಾರ ಒಬ್ರು ಓಗ್ರವ್ವಾ! ಅರಾಜು ಮುಗ್ದೋಯ್ತದೆ!"

ತಾತ ನಕ್ಕು ಹೆಜ್ಜೆ ಹಾಕಿದ. ನಾನು ಆತನ ಪಕ್ಕದಲ್ಲೇ ಸೈಕಲ್ ತಳ್ಳಿಕೊಂಡು ಹೋಟೆಲಿನವರೆಗೂ ನಡೆದೆ.